ಚಲನವೇ ಸಾಕ್ಷಿ: ಡಾನ್ ಸಾಂಗ್ ಅವರ ಸಂಶೋಧನೆಯ ಇಪ್ಪತ್ತೆರಡು ವರ್ಷಗಳು

೧

ಜಗುಲಿಯ ಮೇಲೆ ಕುಳಿತ ಹಿರಿಯರು ಅಂಗಳದ ಹೆಜ್ಜೆಯ ಸಪ್ಪಳವನ್ನು ಕೇಳಿದ ಮಾತ್ರದಿಂದಲೇ ಬಂದವರು ಇಂಥವರೆಂದು ಹೇಳುವುದು ಯಾವ ಮನೆಯಲ್ಲಿಯೂ ಅಪೂರ್ವವಲ್ಲ. ಮುಖವನ್ನು ಕಾಣದೆ, ದನಿಯನ್ನು ಕೇಳದೆ, ನಡಿಗೆಯ ಲಯವೊಂದರಿಂದಲೇ ಮನುಷ್ಯನ ಗುರುತು ಹತ್ತುವುದೆಂಬುದನ್ನು ಜನರು ಬಹುಕಾಲದಿಂದಲೂ ಬಲ್ಲರು. ಆದರೆ ಬಳಕೆಯಲ್ಲಿ ತಿಳಿದ ಸಂಗತಿಯು ಶಾಸ್ತ್ರದ ವಿಷಯವಾಗುವುದಕ್ಕೆ ಕಾಲವು ಕೂಡಿ ಬರಬೇಕು.

ತಂತಿವರ್ತಮಾನಗಳ ಕಾಲದಲ್ಲಿ ಇದಕ್ಕೆ ಒಂದು ಒಳ್ಳೆಯ ನಿದರ್ಶನವು ದೊರೆಯಿತು. ಮೋರ್ಸ್ ಸಂಕೇತಗಳನ್ನು ಕಳುಹಿಸುವವರಲ್ಲಿ ಒಬ್ಬೊಬ್ಬನ ಕೈಗೂ ಒಂದೊಂದು ರೀತಿಯಿರುವುದು. ಒಬ್ಬನು ಗೆರೆಯನ್ನು ಎಳೆಯುವನು, ಮತ್ತೊಬ್ಬನು ಚುಕ್ಕೆಗಳನ್ನು ಅವಸರದಿಂದ ಒತ್ತುವನು. ತಂತಿಯ ಕೆಲಸಗಾರರು ಇದನ್ನು 'ಮುಷ್ಟಿ' ಎಂಬ ಅರ್ಥದ ಮಾತಿನಿಂದ ಕರೆಯುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ರೇಡಿಯೋ ಸಂದೇಶಗಳಿಗೆ ಕಿವಿಗೊಟ್ಟು ಕುಳಿತಿದ್ದ ಬ್ರಿಟಿಷರು, ಸಂದೇಶದ ಒಂದಕ್ಷರವೂ ಅರ್ಥವಾಗದಿದ್ದಾಗಲೂ ಅದನ್ನು ಕಳುಹಿಸಿದವನ ಕೈಯನ್ನು ಗುರುತಿಸಿ, ಅವನಿದ್ದ ಪಡೆಯು ಎಲ್ಲಿಂದ ಎಲ್ಲಿಗೆ ಸಾಗಿತೆಂಬುದನ್ನು ಊಹಿಸುತ್ತಿದ್ದರು. ಸಂದೇಶವು ಗೂಢವಾಗಿಯೇ ಉಳಿಯಿತು. ಕಳುಹಿಸಿದ ಕೈ ಮಾತ್ರ ಗೂಢವಾಗಿ ಉಳಿಯಲಿಲ್ಲ.

ಗಣಕಯಂತ್ರವೂ ಮೊಬೈಲ್ ಫೋನೂ ಕಣ್ಣಿಗೆ ಕಟ್ಟಿಕೊಳ್ಳುವ ಮಾಯಾದರ್ಶಕವೂ ಒಂದರ ಹಿಂದೊಂದರಂತೆ ಬಂದ ಕಾಲದಲ್ಲಿ ಇದೇ ತತ್ತ್ವವು ಹೊಸ ಹೊಸ ರೂಪಗಳಲ್ಲಿ ಮರಳಿ ಕಾಣಿಸಿಕೊಂಡಿತು. ೨೦೦೧ರಿಂದ ೨೦೨೩ರವರೆಗಿನ ಅವಧಿಯಲ್ಲಿ ಅದನ್ನು ಮತ್ತೆ ಮತ್ತೆ ಎತ್ತಿ ತೋರಿಸಿದವರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯ ಪ್ರಾಧ್ಯಾಪಕರಾದ ಡಾನ್ ಸಾಂಗ್ ಅವರ ಹೆಸರು ಮುಖ್ಯವಾದುದು. ಅವರ ಸಂಶೋಧನೆಗಳು ಬಹುಮುಖವಾದವು. ಅವುಗಳಲ್ಲಿ ಈ ಒಂದು ಎಳೆಯನ್ನು ಹಿಡಿದು ನೋಡಿದರೆ, ಯಂತ್ರಗಳು ಮನುಷ್ಯನ ದೇಹಕ್ಕೆ ಹೆಜ್ಜೆಹೆಜ್ಜೆಯಾಗಿ ಹತ್ತಿರವಾದ ಚರಿತ್ರೆಯೇ ಕಣ್ಣಿಗೆ ಕಟ್ಟುವುದು.

೨

ಸಾಂಗ್ ಅವರು ಚೀನಾ ದೇಶದವರು. ಬೀಜಿಂಗ್ ನಗರದ ತ್ಸಿಂಗ್‌ಹುವಾ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರವನ್ನು ಅಭ್ಯಾಸಮಾಡಿ ೧೯೯೬ರಲ್ಲಿ ಪದವಿಯನ್ನು ಪಡೆದರು. ಅನಂತರ ಅಮೆರಿಕಕ್ಕೆ ತೆರಳಿ, ಭೌತಶಾಸ್ತ್ರವನ್ನು ಬಿಟ್ಟು ಗಣಕವಿಜ್ಞಾನವನ್ನು ಹಿಡಿದರು. ೧೯೯೯ರಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಿಂದ ಎಂ.ಎಸ್. ಪದವಿಯೂ ೨೦೦೨ರಲ್ಲಿ ಬರ್ಕ್ಲಿಯಿಂದ ಡಾಕ್ಟರ್ ಪದವಿಯೂ ಅವರಿಗೆ ದೊರೆತವು. ಬರ್ಕ್ಲಿಯಲ್ಲಿ ಅವರ ಮಾರ್ಗದರ್ಶಕರಾಗಿದ್ದವರು ಡಗ್ ಟೈಗರ್ ಅವರು. ವಿದ್ಯಾರ್ಥಿದಶೆಯಲ್ಲಿಯೇ, ೨೦೦೦ದಲ್ಲಿ, ಡೇವಿಡ್ ವ್ಯಾಗ್ನರ್ ಮತ್ತು ಏಡ್ರಿಯನ್ ಪೆರಿಗ್ ಅವರೊಡನೆ ಕೂಡಿ, ಗೂಢಲಿಪಿಯಲ್ಲಿಟ್ಟ ಬರಹವನ್ನು ಬಿಡಿಸದೆಯೇ ಅದರೊಳಗೆ ಬೇಕಾದ ಪದವನ್ನು ಹುಡುಕುವ ಉಪಾಯವನ್ನು ಅವರು ಪ್ರಕಟಿಸಿದರು. ಕಾಗದಪತ್ರಗಳನ್ನು ಪರರ ವಶದಲ್ಲಿಟ್ಟೂ ಅದರ ಗುಟ್ಟನ್ನು ಪರರಿಗೆ ಬಿಟ್ಟುಕೊಡದಿರುವ ಮಾರ್ಗವದು. ರಹಸ್ಯವನ್ನು ಕಾಯುವುದು ಹೇಗೆಂಬ ಚಿಂತೆ ಅಲ್ಲಿತ್ತು. ಮರುವರ್ಷವೇ ಅವರು ಅದರ ಇನ್ನೊಂದು ಮುಖವನ್ನು, ಎಂದರೆ ಕಾದ ರಹಸ್ಯವು ಸೋರುವುದು ಹೇಗೆಂಬುದನ್ನು, ಕೈಗೆತ್ತಿಕೊಂಡರು.

ಆ ಕಾಲಕ್ಕೆ ದೂರದ ಗಣಕಯಂತ್ರವನ್ನು ತಂತಿಯ ಮೂಲಕ ನಡೆಸುವವರೆಲ್ಲ 'ಎಸ್‌.ಎಸ್‌.ಎಚ್‌.' ಎಂಬ ಏರ್ಪಾಡನ್ನು ನೆಚ್ಚಿದ್ದರು. ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ಗುಪ್ತಪದಗಳನ್ನು ಯಾರೋ ತಂತಿಯಿಂದ ಕದ್ದುದನ್ನು ಕಂಡು, ಅಲ್ಲಿಯ ತಾತು ಉಲೋನೆನ್ ಎಂಬವರು ೧೯೯೫ರಲ್ಲಿ ಇದನ್ನು ರಚಿಸಿದ್ದರು. ಬೆರಳಚ್ಚಿನ ಮಣೆಯ ಮೇಲೆ ಒತ್ತಿದ ಪ್ರತಿಯೊಂದಕ್ಷರವೂ ಗೂಢಲಿಪಿಯಾಗಿ ಮಾರ್ಪಟ್ಟು ಹೋಗುತ್ತಿದ್ದುದರಿಂದ ನಡುವೆ ಕದ್ದು ಕೇಳುವವನಿಗೆ ಏನೂ ದಕ್ಕದೆಂದು ಎಲ್ಲರೂ ನಂಬಿದ್ದರು.

ಸಾಂಗ್, ವ್ಯಾಗ್ನರ್ ಮತ್ತು ಶೂಚಿಂಗ್ ತ್ಯಾನ್ ಅವರು ೨೦೦೧ರ ಆಗಸ್ಟಿನಲ್ಲಿ ವಾಷಿಂಗ್‌ಟನ್ ನಗರದಲ್ಲಿ ಓದಿದ ಪ್ರಬಂಧವು ಈ ನಂಬಿಕೆಯನ್ನು ಕದಲಿಸಿತು. ಅಕ್ಷರವೇನೋ ಗೂಢವೇ ಸರಿ. ಆದರೆ ಅಕ್ಷರವನ್ನು ಒತ್ತಿದೊಡನೆಯೇ ಅದು ಪ್ರತ್ಯೇಕವಾದ ಒಂದು ಕಟ್ಟಾಗಿ ತಂತಿಯ ಮೇಲೆ ಹೊರಡುವುದು. ಹೀಗಾಗಿ ಒಂದು ಕಟ್ಟಿಗೂ ಮುಂದಿನ ಕಟ್ಟಿಗೂ ನಡುವಿನ ಕಾಲವನ್ನು ಅಳೆದರೆ, ಅದು ಬೆರಳು ಒಂದು ಕೀಲಿಯಿಂದ ಇನ್ನೊಂದಕ್ಕೆ ಹೋಗಲು ಹಿಡಿದ ಕಾಲವೇ ಆಗುವುದು. ಎರಡು ಕೈಗಳಿಂದ ಒತ್ತುವ ಎರಡು ಅಕ್ಷರಗಳು ಬೇಗನೆ ಬೀಳುವವು. ಒಂದೇ ಬೆರಳು ಎರಡನ್ನೂ ಒತ್ತಬೇಕಾದರೆ ತಡವಾಗುವುದು. ಆದುದರಿಂದ ಅಂತರವು ಎಷ್ಟೆಂದು ತಿಳಿದರೆ ಅಕ್ಷರಗಳ ಜೋಡಿಯು ಯಾವುದಿರಬಹುದೆಂಬ ಊಹೆಯು ಕಿರಿದಾಗುತ್ತ ಬರುವುದು. ಗುಪ್ತಪದವನ್ನು ಒತ್ತುವಾಗ ದೂರದ ಯಂತ್ರವು ಅಕ್ಷರಗಳನ್ನು ಪರದೆಯ ಮೇಲೆ ಮರಳಿ ತೋರಿಸದು. ಆ ಮೌನವೇ ಗುಪ್ತಪದವು ಈಗ ಬರುತ್ತಲಿದೆಯೆಂದು ಕಳ್ಳನಿಗೆ ಸಾರಿ ಹೇಳುವುದು. ಈ ಬಗೆಯ ಲೆಕ್ಕದಿಂದ ಗುಪ್ತಪದವನ್ನು ಹುಡುಕುವ ಶ್ರಮವು ಸುಮಾರು ಐವತ್ತರಲ್ಲೊಂದು ಪಾಲಿಗೆ ಇಳಿಯುವುದೆಂದು ಅವರು ತೋರಿಸಿದರು.

ಈ ಪ್ರಬಂಧದಲ್ಲಿ ಇನ್ನೊಂದು ಸಂಗತಿಯು ಲಕ್ಷ್ಯಕ್ಕೆ ಅರ್ಹವಾಗಿದೆ. ಒಬ್ಬನ ಬೆರಳುಗಳಿಂದ ಕಲಿತ ಲೆಕ್ಕವನ್ನು ಮತ್ತೊಬ್ಬನ ಗುಪ್ತಪದಕ್ಕೆ ಅನ್ವಯಿಸಿದರೂ ಅದು ಬಹುಮಟ್ಟಿಗೆ ಫಲಿಸುತ್ತಿತ್ತು. ಬೆರಳಚ್ಚಿನ ಲಯದಿಂದ ವ್ಯಕ್ತಿಯನ್ನು ಗುರುತಿಸಬಹುದೆಂಬ ಪ್ರಯೋಗವನ್ನು ಅಮೆರಿಕದ ರ‍್ಯಾಂಡ್ ಸಂಸ್ಥೆಯವರು ೧೯೮೦ರಷ್ಟು ಹಿಂದೆಯೇ ಕೈಕೊಂಡಿದ್ದರು. ಸಾಂಗ್ ಅವರ ಪ್ರಬಂಧವು ಹಿಡಿದುದು ಬೇರೆ ದಾರಿ. ಇಲ್ಲಿ ರಹಸ್ಯವನ್ನು ಬಯಲಿಗೆಳೆದುದು ಮನುಷ್ಯರೆಲ್ಲರ ಬೆರಳುಗಳಿಗೂ ಸಮಾನವಾದ ಸ್ವಭಾವ, ಒಬ್ಬೊಬ್ಬನ ವೈಲಕ್ಷಣ್ಯವಲ್ಲ. ಆ ವೈಲಕ್ಷಣ್ಯದ ಸರದಿಯು ಬರುವುದಕ್ಕೆ ಇನ್ನೂ ಹನ್ನೆರಡು ವರ್ಷಗಳು ಬೇಕಾದವು.

೩

ಡಾಕ್ಟರ್ ಪದವಿಯನ್ನು ಪಡೆದ ವರ್ಷವೇ ಸಾಂಗ್ ಅವರು ಕಾರ್ನೆಗಿ ಮೆಲನ್ನಿನಲ್ಲಿ ಅಧ್ಯಾಪಕರಾದರು. ಅಲ್ಲಿಯ ಐದು ವರ್ಷಗಳಲ್ಲಿ ಅವರ ದೃಷ್ಟಿಯು ಗಣಕಯಂತ್ರವನ್ನು ನಡೆಸುವ ಕ್ರಮವಿಧಿಗಳ ಒಳಗನ್ನು ಶೋಧಿಸುವ ಕಡೆಗೆ ತಿರುಗಿತು. ೨೦೦೫ರಲ್ಲಿ ಶಿಷ್ಯರಾದ ಜೇಮ್ಸ್ ನ್ಯೂಸಮ್ ಅವರೊಡನೆ ಪ್ರಕಟಿಸಿದ 'ಟೇಂಟ್‌ಚೆಕ್' ಎಂಬ ಉಪಕರಣವು ಆ ಕಾಲದ್ದು. ಅದರ ತತ್ತ್ವವು ಸರಳವಾದುದು. ಎಲ್ಲಿ ಸೋರುವುದೆಂದು ತಿಳಿಯದ ಕಾಲುವೆಗೆ ಬಣ್ಣವನ್ನು ಕದಡಿದ ನೀರನ್ನು ಬಿಟ್ಟು ಆ ಬಣ್ಣವು ಎಲ್ಲಿ ಕಾಣಿಸುವುದೋ ನೋಡುವಂತೆ, ಹೊರಗಿನಿಂದ ಬಂದ ನಂಬಲಾಗದ ಮಾಹಿತಿಗೆ ಒಂದು ಗುರುತನ್ನು ಹಚ್ಚಿ, ಅದು ಯಂತ್ರದೊಳಗೆ ಎಲ್ಲೆಲ್ಲಿ ಹರಿಯುವುದೆಂಬುದನ್ನು ಹಿಂಬಾಲಿಸಿ, ಹರಿಯಬಾರದ ಎಡೆಯನ್ನು ಅದು ಮುಟ್ಟಿದರೆ ಕೂಡಲೇ ಎಚ್ಚರಿಸುವುದು.

ಈ ಬಣ್ಣದ ನೀರಿನ ಉಪಾಯವು ಮೊಬೈಲ್ ಫೋನಿನ ಕಾಲದಲ್ಲಿ ಬೇರೆಯವರ ಕೈಯಲ್ಲಿ ದೊಡ್ಡ ಕೆಲಸವನ್ನು ಮಾಡಿತು. ಪೆನ್ಸಿಲ್ವೇನಿಯಾ ಸ್ಟೇಟ್ ಮತ್ತು ಡ್ಯೂಕ್ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ಇಂಟೆಲ್ ಸಂಸ್ಥೆಯ ಪ್ರಯೋಗಶಾಲೆಯವರೊಡನೆ ಕೂಡಿ ೨೦೧೦ರಲ್ಲಿ 'ಟೇಂಟ್‌ಡ್ರಾಯ್ಡ್' ಎಂಬುದನ್ನು ರಚಿಸಿದರು. ಅಲ್ಲಿ ಬಣ್ಣ ಹಚ್ಚಿದುದು ಫೋನಿನ ಒಡೆಯನ ಸ್ವಂತ ಮಾಹಿತಿಗೆ. ನೋಡಿದುದು ಅದು ಹೊರಗೆ ಹರಿಯುವುದೋ ಎಂಬುದನ್ನು. ಪರೀಕ್ಷಿಸಿದ ೩೦ ಆ್ಯಪ್‌ಗಳಲ್ಲಿ ೧೫ ಆ್ಯಪ್‌ಗಳು, ಒಡೆಯನು ಇರುವ ಸ್ಥಳವನ್ನು ಜಾಹೀರಾತಿನವರಿಗೆ ಕಳುಹಿಸುತ್ತಿದ್ದುವೆಂದು ತಿಳಿದುಬಂದಿತು.

೨೦೦೭ರಲ್ಲಿ ಸಾಂಗ್ ಅವರು ಬರ್ಕ್ಲಿಗೆ ಮರಳಿದರು. ೨೦೧೦ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಪ್ರತಿಷ್ಠಾನದ ವೇತನವು ದೊರೆಯಿತು. ಐದು ವರ್ಷಗಳಲ್ಲಿ ಒಟ್ಟು ಐದು ಲಕ್ಷ ಡಾಲರುಗಳನ್ನು ಯಾವ ಕಟ್ಟುಪಾಡೂ ಇಲ್ಲದೆ ಕೊಡುವ ಗೌರವವದು.

೪

ಆ್ಯಂಡ್ರಾಯ್ಡ್ ವ್ಯವಸ್ಥೆಯ ಮೊದಲನೆಯ ಫೋನು ಪೇಟೆಗೆ ಬಂದುದು ೨೦೦೮ರಲ್ಲಿ. ಆ್ಯಪ್ ಒಂದು ಫೋನಿನ ಕ್ಯಾಮರಾವನ್ನಾಗಲಿ ವಿಳಾಸಪಟ್ಟಿಯನ್ನಾಗಲಿ ಬಳಸಬೇಕಾದರೆ ಒಡೆಯನಿಂದ ಅನುಮತಿಯನ್ನು ಪಡೆಯಬೇಕೆಂಬ ನಿಯಮವು ಅದರಲ್ಲಿ ಮೊದಲಿನಿಂದಲೂ ಇದ್ದಿತು. ನಿಯಮವು ಒಳ್ಳೆಯದೇ. ಆದರೆ ಅದು ನಡೆಯುತ್ತಿದ್ದ ಬಗೆ ಹೇಗೆ? ಏಡ್ರಿಯನ್ ಪೋರ್ಟರ್ ಫೆಲ್ಟ್ ಅವರು ಮುಂದಾಳಾಗಿ, ಸಾಂಗ್ ಮತ್ತು ವ್ಯಾಗ್ನರ್ ಮೊದಲಾದವರು ಕೂಡಿ ೨೦೧೧ರಲ್ಲಿ ಪ್ರಕಟಿಸಿದ ಸಂಶೋಧನೆಯು ಈ ಪ್ರಶ್ನೆಗೆ ಉತ್ತರವನ್ನು ಕೊಟ್ಟಿತು. ೯೪೦ ಆ್ಯಪ್‌ಗಳನ್ನು ಶೋಧಿಸಿದಾಗ, ಅವುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ತಮಗೆ ಬೇಕಾದುದಕ್ಕಿಂತ ಹೆಚ್ಚಿನ ಅನುಮತಿಗಳನ್ನು ಕೇಳುತ್ತಿದ್ದುವು.

ಇದನ್ನು ಕೇಳಿದೊಡನೆ ಆ್ಯಪ್‌ಗಳನ್ನು ಬರೆದವರ ದುರಾಶೆಯೇ ಕಾರಣವೆಂದು ತೋರುವುದು ಸಹಜ. ಸಂಶೋಧಕರು ಕಂಡ ಕಾರಣವು ಬೇರೆ. ಯಾವ ಕೆಲಸಕ್ಕೆ ಯಾವ ಅನುಮತಿ ಬೇಕೆಂಬುದನ್ನು ತಿಳಿಸುವ ಅಧಿಕೃತ ಕೈಪಿಡಿಯು ಕೇವಲ ೭೮ ವಿಧಿಗಳಿಗೆ ಮಾತ್ರ ವಿವರವನ್ನು ಕೊಟ್ಟಿದ್ದಿತು. ಅನುಮತಿಯನ್ನು ಪರೀಕ್ಷಿಸುವ ವಿಧಿಗಳಾದರೋ ೧,೨೫೯ ಇದ್ದುವು. ಬರೆಯುವವರಲ್ಲಿ ಬಹುಮಂದಿ ಮಿತವಾಗಿ ಕೇಳಬೇಕೆಂಬ ಮನಸ್ಸುಳ್ಳವರೇ. ದಾರಿ ತೋರಿಸುವ ಕಲ್ಲುಗಳಿಲ್ಲದ ಹಾದಿಯಲ್ಲಿ ಅವರು ಎಡವಿದ್ದರು. ತಪ್ಪನ್ನು ಕಂಡಲ್ಲಿ ತಪ್ಪಿತಸ್ಥನನ್ನು ಹುಡುಕುವ ಆತುರವನ್ನು ತೋರದೆ, ತಪ್ಪು ಹುಟ್ಟುವ ನೆಲೆಯನ್ನು ಹುಡುಕಿದುದು ಈ ಸಂಶೋಧನೆಯ ಗುಣ.

ಆದರೆ ಅನುಮತಿಯ ನಿಯಮವು ಎಷ್ಟು ಬಿಗಿಯಾದರೂ ಸಾಲದೆಂಬುದು ಶೀಘ್ರದಲ್ಲಿಯೇ ಗೊತ್ತಾಯಿತು. ಫೋನಿನ ಒಳಗೆ ಅದು ವಾಲುವುದನ್ನೂ ಅಲುಗುವುದನ್ನೂ ಅಳೆಯುವ ಸಣ್ಣ ಮಾಪಕಗಳಿರುವುವು. ಇವುಗಳನ್ನು ಓದುವುದಕ್ಕೆ ಅನುಮತಿಯನ್ನು ಕೇಳಬೇಕಾದುದಿರಲಿಲ್ಲ. ಫೋನು ವಾಲಿದರೆ ಯಾರಿಗೇನು ನಷ್ಟವೆಂದು ಎಲ್ಲರೂ ಎಣಿಸಿದ್ದರು. ೨೦೧೧ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯ ಲಿಯಾಂಗ್ ಕಾಯ್ ಮತ್ತು ಹಾವ್ ಚೆನ್ ಅವರು, ಪರದೆಯ ಯಾವ ಎಡೆಯನ್ನು ಬೆರಳು ಒತ್ತಿತೆಂಬುದು ಫೋನಿನ ಅಲುಗಾಟದಿಂದಲೇ ಬಹುಮಟ್ಟಿಗೆ ತಿಳಿಯುವುದೆಂದು ತೋರಿಸಿದರು. ಹತ್ತು ವರ್ಷಗಳ ಹಿಂದೆ ತಂತಿಯ ಮೇಲೆ ಕಂಡ ಸೋರಿಕೆಯು ಈಗ ಅಂಗೈಯಲ್ಲಿ ಕಾಣಿಸಿಕೊಂಡಿತು.

ಸಾಂಗ್ ಅವರ ಬಳಗದವರು ೨೦೧೨ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆಟಗಳಿಗೆಂದು ಕೆಲವು ನೂರು ಡಾಲರುಗಳಿಗೆ ಮಾರುತ್ತಿದ್ದ, ತಲೆಗೆ ತೊಡುವ ಉಪಕರಣವೊಂದಿತ್ತು. ಅದರ ೧೪ ಸ್ಪರ್ಶಬಿಂದುಗಳು ಮಿದುಳಿನ ವಿದ್ಯುತ್ತಿನ ಅಲೆಗಳನ್ನು ಗ್ರಹಿಸುತ್ತಿದ್ದುವು. ಪರಿಚಿತವಾದ ಅಥವಾ ಮನಸ್ಸಿಗೆ ಮುಖ್ಯವಾದ ಚಿತ್ರವೊಂದು ಕಣ್ಣಿಗೆ ಬಿದ್ದ ಸುಮಾರು ೩೦೦ ಮಿಲಿಸೆಕೆಂಡುಗಳ ತರುವಾಯ ಮಿದುಳಿನಲ್ಲಿ ಒಂದು ವಿಶಿಷ್ಟವಾದ ಅಲೆಯು ಏಳುವುದೆಂಬುದು ಶರೀರಶಾಸ್ತ್ರಜ್ಞರಿಗೆ ಹಿಂದಿನಿಂದಲೂ ತಿಳಿದ ವಿಷಯ. ಇವಾನ್ ಮಾರ್ಟಿನೊವಿಚ್, ಸಾಂಗ್ ಮತ್ತು ಜೊತೆಯವರು, ಆ ಉಪಕರಣವನ್ನು ತೊಟ್ಟವರಿಗೆ ಬ್ಯಾಂಕುಗಳ, ಅಂಕೆಗಳ, ಸ್ಥಳಗಳ ಚಿತ್ರಗಳನ್ನು ಒಂದರ ಮೇಲೊಂದರಂತೆ ತೋರಿಸಿ ಅಲೆಗಳನ್ನು ಅಳೆದರು. ಅವರವರ ಬ್ಯಾಂಕು, ಹುಟ್ಟಿದ ತಿಂಗಳು ಮೊದಲಾದವುಗಳ ವಿಷಯದಲ್ಲಿದ್ದ ಅನಿಶ್ಚಯವು ಬರಿಯ ಊಹೆಗಿಂತ ಸರಾಸರಿ ಶೇಕಡಾ ೧೫ರಿಂದ ೪೦ರಷ್ಟು ಕಡಿಮೆಯಾಯಿತು. ಮನಸ್ಸಿನ ಮಾತನ್ನು ಯಂತ್ರವು ಓದಿತೆಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ಬಾಗಿಲು ತೆರೆಯಲಿಲ್ಲ, ಆದರೆ ಬಾಗಿಲಿನಲ್ಲಿ ಸಂದಿಯಿದೆಯೆಂಬುದು ಕಂಡಿತು.

ಮರುವರ್ಷ, ಎಂದರೆ ೨೦೧೩ರಲ್ಲಿ, ಇದೇ ವಿದ್ವಾಂಸರಲ್ಲಿ ಕೆಲವರು ಮಾರಿಯೊ ಫ್ರ್ಯಾಂಕ್ ಅವರ ಮುಂದಾಳುತನದಲ್ಲಿ ಪ್ರಶ್ನೆಯನ್ನು ತಿರುವಿ ಹಾಕಿದರು. ದೇಹದ ಚಲನೆಯು ಮನುಷ್ಯನ ಗುರುತನ್ನು ಬಿಟ್ಟುಕೊಡುವುದಾದರೆ, ಅದನ್ನೇ ಬೀಗದ ಕೈಯಾಗಿ ಏಕೆ ಬಳಸಬಾರದು? ೪೧ ಮಂದಿ ಫೋನಿನಲ್ಲಿ ಬರಹಗಳನ್ನು ಓದುತ್ತ, ಚಿತ್ರಗಳನ್ನು ಸರಿಸುತ್ತ ಇರುವಾಗ ಅವರ ಬೆರಳು ಪರದೆಯ ಮೇಲೆ ಹರಿಯುವ ರೀತಿಯಿಂದ ೩೦ ಲಕ್ಷಣಗಳನ್ನು ಅವರು ತೆಗೆದರು. ಒಂದೇ ಕೂತದಲ್ಲಿ ಪರೀಕ್ಷಿಸಿದಾಗ ಗುರುತು ಹಿಡಿಯುವುದರಲ್ಲಿ ತಪ್ಪೇ ಕಾಣಲಿಲ್ಲ; ಬೇರೆ ಬೇರೆ ಕೂತಗಳಲ್ಲಿ ಶೇಕಡಾ ೨ರಿಂದ ೩ರಷ್ಟೂ, ವಾರ ಕಳೆದ ಮೇಲೆ ಶೇಕಡಾ ೪ಕ್ಕಿಂತ ಕಡಿಮೆಯೂ ತಪ್ಪು ಕಂಡಿತು. ಬಹುಕಾಲದ ಕಾವಲಿಗೆ ಇದೊಂದೇ ಸಾಲದು, ಬೇರೆ ಬೀಗಗಳ ಜೊತೆಗೆ ಉಪಯುಕ್ತವೆಂದು ಅವರೇ ಪ್ರಾಮಾಣಿಕವಾಗಿ ಬರೆದರು. ೨೦೦೧ರಲ್ಲಿ ಎಲ್ಲರ ಬೆರಳುಗಳ ಸಾಮ್ಯವು ಕಳ್ಳನಿಗೆ ನೆರವಾಗಿತ್ತು. ಈಗ ಒಬ್ಬೊಬ್ಬನ ಬೆರಳಿನ ಭೇದವು ಕಾವಲುಗಾರನಿಗೆ ನೆರವಾಯಿತು. ಆದರೆ ಕಾವಲುಗಾರನಿಗೆ ಗುರುತು ಹತ್ತುವ ವಸ್ತುವು ಕಳ್ಳನಿಗೂ ಗುರುತು ಹತ್ತಬಲ್ಲುದು.

೫

ತಲೆಗೆ ಕಟ್ಟಿಕೊಂಡು ನೋಡುವ ದರ್ಶಕದ ಚರಿತ್ರೆಯು ೧೯೬೮ರಷ್ಟು ಹಳೆಯದು. ಆ ವರ್ಷ ಐವನ್ ಸದರ್‌ಲ್ಯಾಂಡ್ ಅವರು, ತಲೆಯನ್ನು ತಿರುಗಿಸಿದಂತೆ ಚಿತ್ರವೂ ತಿರುಗುವ ಯಂತ್ರವನ್ನು ವರ್ಣಿಸಿದರು. ಅದರ ಭಾರವನ್ನು ಛಾವಣಿಯಿಂದ ತೂಗುಹಾಕಬೇಕಾಗಿದ್ದಿತು. ಅಲ್ಲಿಂದ ನಾಲ್ಕು ದಶಕಗಳಿಗೂ ಮಿಕ್ಕಿ ಈ ಕಲೆಯು ಪ್ರಯೋಗಶಾಲೆಗಳಲ್ಲಿಯೇ ಹೆಚ್ಚಾಗಿ ಉಳಿಯಿತು. ೨೦೧೨ರಲ್ಲಿ ಆಕ್ಯುಲಸ್ ಎಂಬ ಸಣ್ಣ ಸಂಸ್ಥೆಯು ಜನರಿಂದ ಹಣವನ್ನು ಕೂಡಿಸಿ ಅಗ್ಗದ ದರ್ಶಕವನ್ನು ಮಾಡಹೊರಟಿತು. ೨೦೧೪ರಲ್ಲಿ ಫೇಸ್‌ಬುಕ್ ಸಂಸ್ಥೆಯು ಅದನ್ನು ಕೊಂಡುಕೊಂಡಿತು. ೨೦೧೯ರಲ್ಲಿ ಬಂದ 'ಕ್ವೆಸ್ಟ್' ಎಂಬ ದರ್ಶಕಕ್ಕೆ ತಂತಿಯ ಬಂಧವೂ ಇರಲಿಲ್ಲ, ಪಕ್ಕದಲ್ಲಿ ಗಣಕಯಂತ್ರವೂ ಬೇಕಿರಲಿಲ್ಲ. ಅದರೊಳಗಿದ್ದುದು ಮೊಬೈಲ್ ಫೋನಿನ ಬಗೆಯ ಸಂಸ್ಕಾರಕವೇ. ಅದನ್ನು ನಡೆಸುತ್ತಿದ್ದುದು ಆ್ಯಂಡ್ರಾಯ್ಡಿನಿಂದ ಹುಟ್ಟಿದ ವ್ಯವಸ್ಥೆಯೇ. ಹೀಗೆ ವರ್ಚುವಲ್ ರಿಯಾಲಿಟಿಯ ರಕ್ಷಣೆಯ ಪ್ರಶ್ನೆಯು ಮೊಬೈಲ್ ರಕ್ಷಣೆಯ ಪ್ರಶ್ನೆಯ ನೇರವಾದ ಸಂತಾನವಾಯಿತು. ಅಂಗೈಯಲ್ಲಿದ್ದ ಫೋನು ಮುಖಕ್ಕೆ ಏರಿತ್ತು.

ಈ ದರ್ಶಕವು ಕೆಲಸ ಮಾಡಬೇಕಾದರೆ ತಲೆಯೂ ಎರಡು ಕೈಗಳೂ ಎಲ್ಲಿವೆ, ಯಾವ ಕಡೆಗೆ ವಾಲಿವೆ ಎಂಬುದನ್ನು ಕ್ಷಣಕ್ಷಣಕ್ಕೂ ಅಳೆಯುತ್ತಿರಬೇಕು. ಬೇರೆಯವರೊಡನೆ ಕೂಡಿ ಆಡುವಾಗಲೂ ಮಾತನಾಡುವಾಗಲೂ ಆ ಅಳತೆಗಳನ್ನು ಅವರ ಯಂತ್ರಗಳಿಗೂ ಕಳುಹಿಸಬೇಕು. ಇಲ್ಲವಾದರೆ ಅವರ ಕಣ್ಣಿಗೆ ಈತನ ಬೊಂಬೆಯು ಚಲಿಸದು. ಗೂಢಲಿಪಿಯು ಇಲ್ಲಿ ನಿಷ್ಪ್ರಯೋಜಕ. ಗೂಢಲಿಪಿಯು ನಡುದಾರಿಯ ಕಳ್ಳನನ್ನು ತಡೆಯಬಲ್ಲುದೇ ಹೊರತು, ಮಾಹಿತಿಯು ಯಾರಿಗೆ ತಲುಪಲೇಬೇಕೋ ಅವರಿಂದ ಅದನ್ನು ಮುಚ್ಚಿಡಲಾರದು.

ಹಾಗಾದರೆ ಆ ಅಳತೆಗಳಲ್ಲಿ ಏನಿದೆ? ೨೦೨೦ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್ ಮಿಲರ್, ಜೆರೆಮಿ ಬೇಲೆನ್‌ಸನ್ ಮತ್ತು ಜೊತೆಯವರು ೫೧೧ ಮಂದಿಯನ್ನು ಪರೀಕ್ಷಿಸಿ, ಐದು ನಿಮಿಷಕ್ಕೂ ಕಡಿಮೆಯಾದ ಚಲನದಿಂದ ಶೇಕಡಾ ೯೫ರಷ್ಟು ಸಲ ವ್ಯಕ್ತಿಯನ್ನು ಸರಿಯಾಗಿ ಗುರುತಿಸಿದರು. ಐನೂರು ಮಂದಿಯು ಒಂದು ದೊಡ್ಡ ಹಳ್ಳಿಯಷ್ಟೆ. ಹಳ್ಳಿಯಲ್ಲಿ ಹೆಜ್ಜೆಯ ಸಪ್ಪಳದಿಂದ ಗುರುತು ಹತ್ತುವುದು ಸಾಧ್ಯವಾದರೆ ನಗರದಲ್ಲಿಯೂ ಸಾಧ್ಯವಾಗಬೇಕೆಂಬ ನಿಯಮವಿಲ್ಲ. ಈ ಸಂದೇಹವನ್ನು ಪರಿಹರಿಸಿದವರು ಬರ್ಕ್ಲಿಯವರು.

ಸಾಂಗ್ ಅವರ ಶಿಷ್ಯರಾದ ವಿವೇಕ್ ನಾಯರ್ ಅವರು ಈ ಕಾರ್ಯದ ಮುಂದಾಳು. ಜೊತೆಗಿದ್ದವರಲ್ಲಿ, ೧೯೯೨ರಲ್ಲಿಯೇ ಅಮೆರಿಕದ ವಾಯುಪಡೆಯ ಪ್ರಯೋಗಶಾಲೆಯಲ್ಲಿ ನಿಜದ ನೋಟಕ್ಕೆ ಕಲ್ಪಿತ ವಸ್ತುಗಳನ್ನು ಬೆರೆಸುವ ಯಂತ್ರವನ್ನು ಕಟ್ಟಿದ್ದ ಲೂಯಿಸ್ ರೋಸೆನ್‌ಬರ್ಗ್ ಅವರೂ ಒಬ್ಬರು. ೨೦೧೮ರಲ್ಲಿ ಪ್ರಾಗ್ ನಗರದ ತರುಣರು ರಚಿಸಿದ 'ಬೀಟ್ ಸೇಬರ್' ಎಂಬ ಆಟವು ಇವರ ಆಧಾರ. ಸಂಗೀತದ ತಾಳಕ್ಕೆ ಸರಿಯಾಗಿ ಎದುರಿಗೆ ಹಾರಿ ಬರುವ ಬಣ್ಣದ ಘನಾಕೃತಿಗಳನ್ನು ಎರಡು ಕೈಗಳ ಬೆಳಕಿನ ಕತ್ತಿಗಳಿಂದ ಕಡಿಯುವುದೇ ಆ ಆಟ. ಆಟಗಾರರು ತಮ್ಮ ಗೆಲವಿಗೆ ಪ್ರಮಾಣವಾಗಿ ತಲೆಯ ಮತ್ತು ಕೈಗಳ ಚಲನೆಯ ದಾಖಲೆಗಳನ್ನು ಎಲ್ಲರಿಗೂ ಕಾಣುವಂತೆ ಸಂತೋಷದಿಂದ ಒಪ್ಪಿಸುತ್ತಿದ್ದರು. ಅವುಗಳಲ್ಲಿ ಗೋಪ್ಯವಾದುದೇನೂ ಇದೆಯೆಂದು ಯಾರೂ ತಿಳಿದಿರಲಿಲ್ಲ.

೨೦೨೩ರಲ್ಲಿ ಪ್ರಕಟವಾದ ಪ್ರಬಂಧದ ಫಲಿತಾಂಶವು ಹೀಗಿದೆ. ೫೫,೫೪೧ ಆಟಗಾರರಲ್ಲಿ ಒಬ್ಬೊಬ್ಬರಿಂದ ಐದು ನಿಮಿಷಗಳ ಚಲನೆಯನ್ನು ಯಂತ್ರಕ್ಕೆ ಮೊದಲು ಕಲಿಸಲಾಯಿತು. ಅನಂತರ ಅವರಲ್ಲಿ ಯಾರೋ ಒಬ್ಬರ ಹೊಸ ಚಲನೆಯನ್ನು ಹೆಸರಿಲ್ಲದೆ ೧೦೦ ಸೆಕೆಂಡುಗಳಷ್ಟು ಕೊಟ್ಟರೆ, ಯಂತ್ರವು ಶೇಕಡಾ ೯೪.೩೩ರಷ್ಟು ಸಲ ಆ ಆಟಗಾರನನ್ನೇ ಎತ್ತಿ ತೋರಿಸಿತು. ಬರಿಯ ೧೦ ಸೆಕೆಂಡುಗಳ ಚಲನೆಯಿಂದಲೂ ಶೇಕಡಾ ೭೩.೨೦ರಷ್ಟು ಸಲ ಸರಿಯಾದ ಉತ್ತರವು ಬಂದಿತು. ಕಣ್ಣು ಮುಚ್ಚಿ ಹೆಸರೊಂದನ್ನು ಎತ್ತಿದರೆ ಐವತ್ತೈದು ಸಾವಿರಕ್ಕೊಮ್ಮೆ ಸರಿಯಾಗಬಹುದಾದ ಊಹೆಯದು. ಹಳ್ಳಿಯ ಜಗುಲಿಯ ವಿದ್ಯೆಯು ನಗರಕ್ಕೂ ಸಲ್ಲುವುದೆಂದು ಹೀಗೆ ಸಿದ್ಧವಾಯಿತು.

ಗುರುತು ಹತ್ತುವುದಷ್ಟೇ ಅಲ್ಲ. ನಾಯರ್, ಗೊನ್ಸಾಲೊ ಮುನಿಲ್ಯಾ ಗರಿಡೊ ಮತ್ತು ಸಾಂಗ್ ಅವರು ಕೋಣೆಯಿಂದ ಕೋಣೆಗೆ ಒಗಟುಗಳನ್ನು ಬಿಡಿಸುತ್ತ ಹೋಗುವ ಒಂದು ಆಟವನ್ನು ತಾವೇ ರಚಿಸಿ ೩೦ ಮಂದಿಗೆ ಆಡಲು ಕೊಟ್ಟರು. ಮೇಲ್ನೋಟಕ್ಕೆ ವಿನೋದವಾದ ಆ ಒಗಟುಗಳು ನಿಜವಾಗಿ ಪರೀಕ್ಷೆಗಳಾಗಿದ್ದುವು. ಎತ್ತರ, ತೋಳುಗಳ ನಿಡಿವು, ಪ್ರತಿಕ್ರಿಯೆಯ ಚುರುಕು, ಕಣ್ಣಿನ ಶಕ್ತಿ ಮೊದಲಾಗಿ ಇಪ್ಪತ್ತೈದಕ್ಕೂ ಮಿಕ್ಕ ಸಂಗತಿಗಳು ಕೆಲವೇ ನಿಮಿಷಗಳಲ್ಲಿ ಆಟಗಾರರ ಅರಿವಿಗೆ ಬಾರದಂತೆಯೇ ಹೊರಬಿದ್ದುವು.

೬

ರೋಗವನ್ನು ಹೇಳಿದವರು ಮದ್ದನ್ನೂ ಹುಡುಕಿದರು. ನಾಯರ್, ಮುನಿಲ್ಯಾ ಗರಿಡೊ ಮತ್ತು ಸಾಂಗ್ ಅವರ 'ಮೆಟಾಗಾರ್ಡ್' ಎಂಬ ಏರ್ಪಾಡು, ಹೊರಗೆ ಹೋಗುವ ಅಳತೆಗಳಿಗೆ ಲೆಕ್ಕವಿಟ್ಟು ಸ್ವಲ್ಪ ಅನಿಶ್ಚಯವನ್ನು ಬೆರೆಸುವುದು. ಐದೂವರೆ ಅಡಿಯವನು ಪರರಿಗೆ ಐದೂಮುಕ್ಕಾಲು ಅಡಿಯವನಾಗಿ ಕಾಣಬಹುದು. ತೋಳು ತುಸು ನೀಳವಾಗಿ ತೋರಬಹುದು. ಎಷ್ಟು ಬೆರೆಸಿದರೆ ಎಷ್ಟು ರಕ್ಷಣೆಯೆಂಬುದಕ್ಕೆ ೨೦೦೬ರಲ್ಲಿ ಸಿಂಥಿಯಾ ಡ್ವರ್ಕ್ ಮೊದಲಾದವರು ಸ್ಥಾಪಿಸಿದ 'ಡಿಫರೆನ್ಷಿಯಲ್ ಪ್ರೈವಸಿ' ಎಂಬ ಗಣಿತದ ತತ್ತ್ವವು ಆಧಾರ. ಆದರೆ ಅಳತೆಗಳನ್ನು ಮರೆಮಾಡಿದ ಮಾತ್ರಕ್ಕೆ ರೀತಿಯು ಮರೆಯಾಗದು. ವೇಷವನ್ನು ಬದಲಿಸಿದ ನಟನನ್ನು ನಡಿಗೆಯಿಂದ ಗುರುತಿಸುವ ಪ್ರೇಕ್ಷಕನಂತೆ, ಯಂತ್ರವು ಎತ್ತರವನ್ನು ಬಿಟ್ಟು ಚಲನೆಯ ಲಯವನ್ನೇ ಹಿಡಿಯಬಲ್ಲುದು. ಆದುದರಿಂದ ಅದೇ ಬಳಗದವರು ೨೦೨೩ರಲ್ಲಿಯೇ, ಚಲನೆಯ ರೀತಿಯನ್ನೇ ಬದಲಿಸಿ, ನೋಡುವವರಿಗೆ ಮಾತ್ರ ಅದು ಸಹಜವಾಗಿಯೇ ತೋರುವಂತೆ ಮಾಡುವ ಮತ್ತೊಂದು ವಿಧಾನವನ್ನು ಮುಂದಿಟ್ಟರು.

ಈ ಮದ್ದಿಗೂ ಒಂದು ಬೆಲೆಯುಂಟು. ಕತ್ತಿಯ ಆಟದಲ್ಲಿ ಕೈ ನಿಜವಾಗಿ ಎಲ್ಲಿದೆಯೋ ಅಲ್ಲಿ ಕಾಣದಿದ್ದರೆ ಆಟವು ಕೆಡುವುದು. ಬೇಕೆಂದಾಗ ಮರೆಯನ್ನು ಹೆಚ್ಚಿಸಿ ಬೇಡವೆಂದಾಗ ತಗ್ಗಿಸುವ ಅಧಿಕಾರವನ್ನು ಬಳಸುವವನಿಗೇ ಬಿಡಬೇಕಾಯಿತು. ಫಲಿತಾಂಶಗಳ ವಿಷಯದಲ್ಲಿಯೂ ಒಂದು ಎಚ್ಚರಿಕೆಯು ಅವಶ್ಯಕ. ಐವತ್ತೈದು ಸಾವಿರ ಮಂದಿಯೂ ಆಡಿದುದು ಒಂದೇ ಆಟ. ಆ ಆಟದಲ್ಲಿ ಎಲ್ಲರ ಕೈಗಳಿಗೂ ಒಂದೇ ಬಗೆಯ ಕೆಲಸ. ಆಡಿದವರು ಬಹುಮಟ್ಟಿಗೆ ನುರಿತವರು. ಕತ್ತಿಯನ್ನು ಬೀಸುವಾಗ ಕಂಡ ಗುರುತು, ಸುಮ್ಮನೆ ಕುಳಿತು ಮಾತನಾಡುವಾಗಲೂ ಅಷ್ಟೇ ಸ್ಪಷ್ಟವಾಗಿ ಕಾಣುವುದೆಂದು ಆ ಅಂಕೆಗಳಿಂದ ತೀರ್ಮಾನಿಸಲಾಗದು.

ಇಷ್ಟಾದರೂ ಈ ಸಂಶೋಧನೆಯ ಮುಖ್ಯವಾದ ಎಚ್ಚರಿಕೆಯು ಕುಗ್ಗುವುದಿಲ್ಲ. ೨೦೦೧ರಲ್ಲಿ ತಂತಿಯಿಂದ ಸೋರಿದುದು ಗುಪ್ತಪದ. ಗುಪ್ತಪದವು ಕಳುವಾದರೆ ಇನ್ನೊಂದನ್ನು ಇಟ್ಟುಕೊಳ್ಳಬಹುದು. ಬೀಗವು ಮುರಿದರೆ ಹೊಸ ಬೀಗವನ್ನು ಹಾಕಬಹುದು. ೨೦೨೩ರಲ್ಲಿ ಸೋರಿದುದು ತೋಳಿನ ಬೀಸು, ಕತ್ತಿನ ತಿರುವು, ದೇಹದ ಲಯ. ಇವು ಮನುಷ್ಯನು ಆರಿಸಿಕೊಂಡವುಗಳಲ್ಲ, ಬದಲಿಸಲು ಅವನಿಗೆ ಸಾಧ್ಯವಾದವುಗಳೂ ಅಲ್ಲ. ತನ್ನ ವ್ಯಾಧಿಯನ್ನು ಕುರಿತು ಅಪರಿಚಿತರಲ್ಲಿ ಮನಬಿಚ್ಚಿ ಮಾತನಾಡಬೇಕೆಂದು ಹೆಸರನ್ನು ಮರೆಮಾಚಿ ಮಾಯಾಸಭೆಯೊಳಗೆ ಬಂದವನು, ಹಿಂದಿನ ವಾರ ಸ್ವಂತ ಹೆಸರಿನಲ್ಲಿ ಆಡಿದ ಆಟದಿಂದಲೇ ಗುರುತಿಗೆ ಸಿಕ್ಕಬಹುದು. ಐರೋಪ್ಯ ಒಕ್ಕೂಟವು ೨೦೧೬ರಲ್ಲಿ ಅಂಗೀಕರಿಸಿ ೨೦೧೮ರಿಂದ ಜಾರಿಗೆ ತಂದ ಮಾಹಿತಿರಕ್ಷಣೆಯ ಶಾಸನವು, ವ್ಯಕ್ತಿಯ ಗುರುತನ್ನು ತಿಳಿಸುವ ವರ್ತನೆಯ ಲಕ್ಷಣಗಳನ್ನೂ ಬೆರಳಚ್ಚು ಮುಖಚ್ಛಾಯೆಗಳ ವರ್ಗದಲ್ಲಿಯೇ ಸೇರಿಸಿತು. ಶಾಸನದ ಆ ಮಾತಿನಲ್ಲಿ ಎಷ್ಟು ಅರ್ಥವಿದೆಯೆಂಬುದು ಬರ್ಕ್ಲಿಯ ಅಂಕೆಗಳಿಂದ ಸ್ಪಷ್ಟವಾಯಿತು.

ಸಾಂಗ್ ಅವರ ಕೀರ್ತಿಯು ಈ ಒಂದು ಎಳೆಯ ಮೇಲೆ ಮಾತ್ರ ನಿಂತುದಲ್ಲ. ರಸ್ತೆಯ ನಿಲುಗಡೆಯ ಫಲಕಕ್ಕೆ ಕೆಲವು ಚೀಟಿಗಳನ್ನು ಅಂಟಿಸಿ, ಯಂತ್ರದ ಕಣ್ಣಿಗೆ ಅದು ಬೇರೆ ಫಲಕವಾಗಿ ತೋರುವಂತೆ ಮಾಡಿದ ೨೦೧೮ರ ಪ್ರಸಿದ್ಧ ಪ್ರಯೋಗದಲ್ಲಿಯೂ ಅವರು ಭಾಗಿಗಳು. ಅದೇ ವರ್ಷ, ಮಾಹಿತಿಯ ಒಡೆತನವು ಮಾಹಿತಿಯ ಹುಟ್ಟಿಗೆ ಕಾರಣರಾದವರಲ್ಲಿಯೇ ಉಳಿಯಬೇಕೆಂಬ ಉದ್ದೇಶದಿಂದ ಒಂದು ಸಂಸ್ಥೆಯನ್ನೂ ಅವರು ಸ್ಥಾಪಿಸಿದರು. ಆದರೆ ಬೆರಳುಗಳ ನಡುವಿನ ಕಾಲವನ್ನು ಅಳೆದ ತರುಣ ವಿದ್ಯಾರ್ಥಿನಿಯೂ, ಐವತ್ತೈದು ಸಾವಿರ ಮಂದಿಯ ತೋಳುಗಳ ಬೀಸನ್ನು ಅಳೆದ ಬಳಗದ ಹಿರಿಯ ಗುರುವೂ ಒಂದೇ ಪ್ರಶ್ನೆಯನ್ನು ಕೇಳಿದರು: ಯಂತ್ರದ ಮುಂದೆ ಕುಳಿತವನು ತಾನು ಹೇಳುತ್ತಿರುವೆನೆಂದು ತಿಳಿಯದೆ ಏನನ್ನು ಹೇಳುತ್ತಿರುವನು?

ಜಗುಲಿಯ ಹಿರಿಯರಿಗೆ ಹೆಜ್ಜೆಯ ಗುರುತು ಹತ್ತಿದರೆ ಅದರಲ್ಲಿ ಭಯವಿಲ್ಲ. ಅವರು ಬಂದವನನ್ನು ಬಲ್ಲರು. ಬಂದವನೂ ಅವರನ್ನು ಬಲ್ಲನು. ಬಾಗಿಲು ತೆರೆಯುವುದಕ್ಕಾಗಿಯೇ ಆ ಗುರುತು. ಹೆಜ್ಜೆಯನ್ನು ಕೇಳುತ್ತಿರುವವನು ಯಾರೆಂದು ನಡೆಯುವವನಿಗೆ ತಿಳಿಯದಿದ್ದಾಗ ಅದೇ ವಿದ್ಯೆಯು ಬೇರೆಯಾಗುವುದು. ಆ ವ್ಯತ್ಯಾಸವನ್ನು ಅಳೆದು, ಅಂಕೆಗಳಲ್ಲಿ ಬರೆದು, ಲೋಕದ ಮುಂದಿಟ್ಟುದೇ ಈ ಇಪ್ಪತ್ತೆರಡು ವರ್ಷಗಳ ಪರಿಶ್ರಮದ ಸಾರ.